ಅಡ್ಡ ಬಂದದ್ದೇ ಅಳತೆಗೋಲು

ಜೂನ್ ಬಂತೆಂದರೆ ತಿರುಪ್ಪೂರು ಜಿಲ್ಲೆಯ ಪಲ್ಲಡಂ, ಉಡುಮಲೈಪೇಟೆ, ಧಾರಾಪುರಂ ಸೀಮೆಯ ಬಯಲಲ್ಲಿ ಗಾಳಿಯಂತ್ರಗಳಿಗೆ ಬಿಡುವಿಲ್ಲ. ಪಶ್ಚಿಮಘಟ್ಟದ ಉದ್ದನೆಯ ಗೋಡೆಗೆ ಪಾಲಕ್ಕಾಡಿನ ಹತ್ತಿರ ದೊಡ್ಡದೊಂದು ಸಂದು ಬಿದ್ದಿದೆ. ಮುಂಗಾರಿನ ಗಾಳಿ ಅಲ್ಲಿ ನುಗ್ಗಿ, ಕೊಯಮತ್ತೂರಿನ ದಕ್ಷಿಣದ ಬಯಲನ್ನು ಹಾಯ್ದು ಪೂರ್ವಕ್ಕೆ ಹೋಗುತ್ತದೆ. ಗಾಳಿ ಯಾರ ಕಣ್ಣಿಗೂ ಕಾಣದು. ರೆಕ್ಕೆ ಎಷ್ಟು ಜೋರಾಗಿ ತಿರುಗಿತು ಎಂಬುದರ ಮೇಲೆ ಅದರ ಬಿರುಸು ತಿಳಿಯುತ್ತದೆ.

ನಮ್ಮ ತಲೆಯ ಮೇಲೆ, ಬಹು ಎತ್ತರದಲ್ಲಿ, ಇನ್ನೊಂದು ಗಾಳಿಯೂ ಬೀಸುತ್ತಿದೆ. ಅದು ಹೊರಡುವುದು ಸೂರ್ಯನಿಂದ; ಹೆಸರು ಸೌರಮಾರುತ. ವೇಗ ಸೆಕೆಂಡಿಗೆ ಸುಮಾರು 400 ಕಿಲೋಮೀಟರು, ಕೆಲವೊಮ್ಮೆ 700-800. ಈ ವೇಗ ಕೇಳಿ ಗಾಬರಿಯಾಗಬೇಕಿಲ್ಲ. ನಾವು ಉಸಿರಾಡುವ ಗಾಳಿಯ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು ಎರಡೂವರೆ ಲಕ್ಷ ಕೋಟಿ ಕೋಟಿ ಅಣುಗಳಿದ್ದರೆ, ಭೂಮಿಯ ದೂರಕ್ಕೆ ಬರುವ ಹೊತ್ತಿಗೆ ಸೂರ್ಯನ ಗಾಳಿಯಲ್ಲಿ ಉಳಿಯುವುದು ಅಷ್ಟೇ ಜಾಗದಲ್ಲಿ ಐದಾರು ಪ್ರೋಟಾನು, ಅಷ್ಟೇ ಎಲೆಕ್ಟ್ರಾನು. ಭೂಮಿಯ ಕಾಂತಕ್ಷೇತ್ರ ಅದನ್ನು ಸುಮಾರು 65 ಸಾವಿರ ಕಿ.ಮೀ. ಆಚೆಗೇ ತಡೆದು ಪಕ್ಕಕ್ಕೆ ಸರಿಸಿಬಿಡುತ್ತದೆ. ಹಾಗಾಗಿ ಒಂದು ತರಗೆಲೆಯೂ ಅಲ್ಲಾಡುವುದಿಲ್ಲ.

ರೆಕ್ಕೆ ಕಟ್ಟಿ ಅಳೆಯಲಾಗದ ಈ ಗಾಳಿಯನ್ನು ಅಳೆಯುವ ಕೆಲಸ ಕೊಯಮತ್ತೂರಿನ ಉತ್ತರಕ್ಕೆ ಕಾಣುವ ನೀಲಗಿರಿಯ ಮೇಲೆ ದಶಕಗಳಿಂದ ನಡೆದುಬಂದಿದೆ. ಅದಕ್ಕೆ ಬಳಸುವ ಉಪಾಯ ವಿಚಿತ್ರವಾದದ್ದು. ಗಾಳಿಯನ್ನು ನೇರವಾಗಿ ನೋಡಲು ಆಗದಿದ್ದರೆ ಅದರ ಹಿಂದೆ ಇರುವುದನ್ನು ನೋಡಬೇಕು. ಹಿಂದಿನಿಂದ ಬರುವ ಅಲೆಗೆ ನಡುವೆ ಎಷ್ಟು ಅಡ್ಡಿಯಾಯಿತು ಎಂದು ಲೆಕ್ಕ ಹಾಕಬೇಕು. ಗ್ರಹಗಳ ನಡುವಿನ ಜಾಗದ ಬಗ್ಗೆಯೂ ನಕ್ಷತ್ರಗಳ ನಡುವಿನ ಜಾಗದ ಬಗ್ಗೆಯೂ ಇವತ್ತು ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಬಂದದ್ದು ಈ ಅಡ್ಡಿಯ ಲೆಕ್ಕದಿಂದಲೇ.

ಮೊದಲು ಪ್ಲಾಸ್ಮಾದ ಮಾತು. ಅನಿಲವನ್ನು ಕಾಯಿಸುತ್ತಲೇ ಹೋದರೆ ಒಂದು ಹಂತದಲ್ಲಿ ಅದರ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳೂ ಧನ ವಿದ್ಯುತ್ತಿನ ಅಯಾನುಗಳೂ ಬಿಡಿಬಿಡಿಯಾಗಿ ಓಡಾಡುವ ಆ ಸ್ಥಿತಿಯೇ ಪ್ಲಾಸ್ಮಾ. ಕೊಯಮತ್ತೂರಿನ ವರ್ಕ್‌ಶಾಪುಗಳಲ್ಲಿ ವೆಲ್ಡಿಂಗ್ ಕಡ್ಡಿಯ ತುದಿಯಲ್ಲಿ ಕಣ್ಣು ಕುಕ್ಕುವಂತೆ ಹೊತ್ತುವ ಬೆಳಕು ಪ್ಲಾಸ್ಮಾ. ಮಿಂಚೂ ಅದೇ. ಸೂರ್ಯ, ನಕ್ಷತ್ರಗಳು, ಅವುಗಳ ನಡುವೆ ಹರಡಿರುವ ತೆಳು ಅನಿಲದ ದೊಡ್ಡ ಪಾಲು, ಎಲ್ಲ ಇದೇ ಜಾತಿ. ಯಾವ ತಾಪದಲ್ಲಿ, ಯಾವ ಒತ್ತಡದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುತ್ತವೆ ಎಂಬ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ನಕ್ಷತ್ರಗಳ ಬೆಳಕನ್ನು ಓದುವ ವಿದ್ಯೆ ಇಂದಿಗೂ ಆ ಸೂತ್ರದ ಮೇಲೆ ನಿಂತಿದೆ.

ಈ ಕಥೆಗೆ ಮುಖ್ಯವಾದ ಗುಣ ಇನ್ನೊಂದಿದೆ. ಬಿಡಿ ಎಲೆಕ್ಟ್ರಾನುಗಳಿರುವ ಕಡೆ ರೇಡಿಯೊ ಅಲೆ ಹಾಯ್ದರೆ ಅದರ ನಡಿಗೆ ಬದಲಾಗುತ್ತದೆ. ಎಲೆಕ್ಟ್ರಾನುಗಳು ಹೆಚ್ಚಿದ್ದಲ್ಲಿ ಹೆಚ್ಚು, ಕಡಿಮೆ ಇದ್ದಲ್ಲಿ ಕಡಿಮೆ. ಅಲೆಯ ಕಂಪನಾಂಕ ತಗ್ಗಿದಷ್ಟೂ ತೊಡಕು ಏರುತ್ತದೆ: ಕಂಪನಾಂಕ ಅರ್ಧಕ್ಕಿಳಿದರೆ ವಿಳಂಬ ನಾಲ್ಕು ಪಟ್ಟು. ಈ ಒಂದು ನಿಯಮ ಕೈಯಲ್ಲಿದ್ದರೆ ಸಾಕು, ಮುಂದಿನದೆಲ್ಲ ಅರ್ಥವಾಗುತ್ತದೆ.

ಸೂರ್ಯ ಸುಮ್ಮನೆ ಬೆಳಗುವುದಲ್ಲದೆ ತನ್ನ ಮೈಯನ್ನೇ ಊದಿ ಹೊರಗೆ ಚೆಲ್ಲುತ್ತಿದ್ದಾನೆ ಎಂದು 1958ರಲ್ಲಿ ಹೇಳಿದವರು ಷಿಕಾಗೋ ವಿಶ್ವವಿದ್ಯಾಲಯದ ಯೂಜಿನ್ ಪಾರ್ಕರ್. ಅವರ ಲೇಖನ ಓದಿದ ಇಬ್ಬರು ಪರಿಶೀಲಕರೂ ಅದನ್ನು ತಳ್ಳಿಹಾಕಿದರು. ಪತ್ರಿಕೆಯ ಸಂಪಾದಕರಾಗಿದ್ದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಅವರಿಗೂ ಆ ವಿಚಾರ ಹಿಡಿಸಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲವಾದ್ದರಿಂದ ಅಚ್ಚು ಹಾಕಿದರು. ನಾಲ್ಕು ವರ್ಷದ ಮೇಲೆ, 1962ರಲ್ಲಿ, ಶುಕ್ರನತ್ತ ಹೊರಟಿದ್ದ ಮ್ಯಾರಿನರ್-2 ನೌಕೆಗೆ ದಾರಿಯುದ್ದಕ್ಕೂ ಆ ಗಾಳಿ ತಗುಲಿತು. ಸೂರ್ಯ ಹೀಗೆ ಸೆಕೆಂಡಿಗೆ ಹತ್ತು ಲಕ್ಷ ಟನ್ನಿಗೂ ಮೇಲೆ ಕಳೆದುಕೊಳ್ಳುತ್ತಿದ್ದಾನೆ. ಅವನ ಗಾತ್ರಕ್ಕೆ ಅದು ಯಾವ ಲೆಕ್ಕವೂ ಅಲ್ಲ.

ಇನ್ನು ನೀಲಗಿರಿಗೆ ಹತ್ತೋಣ. ಚಾಮರಾಜನಗರದ ಕಡೆಯಿಂದ ಬರುವವರಿಗೆ ದಿಂಬಂ ಘಾಟಿ ಇಳಿದು ಸತ್ಯಮಂಗಲ, ಆಮೇಲೆ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಸಿರುಮುಗೈ, ಅದು ದಾಟಿದರೆ ಕೊಯಮತ್ತೂರು ಜಿಲ್ಲೆಯ ಮೆಟ್ಟುಪಾಳ್ಯಂ. ಕೊಯಮತ್ತೂರು, ತಿರುಪ್ಪೂರಿನಿಂದ ಹೋಗುವವರೂ ಅಲ್ಲಿಗೇ ಬಂದು ಘಾಟಿ ಹತ್ತಬೇಕು. ಊಟಿಯ ಹೊರಗೆ, ಆಲೂಗಡ್ಡೆ ಸಂಶೋಧನಾ ಕೇಂದ್ರವೂ ಇರುವ ಮುತ್ತೋರೈಯಲ್ಲಿ, ಒಂದು ಇಳಿಜಾರಿನ ಮೇಲೆ ಅರ್ಧ ಕಿಲೋಮೀಟರಿಗೂ ಉದ್ದವಾದ ಉಕ್ಕಿನ ಚೌಕಟ್ಟುಗಳ ಸಾಲು ಕಾಣುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರೇಡಿಯೊ ದೂರದರ್ಶಕ ಅದು. 1970ರಲ್ಲಿ ಕೆಲಸ ಶುರುಮಾಡಿತು.

ಉದ್ದ 530 ಮೀಟರು, ಅಗಲ 30 ಮೀಟರು. 23 ಮೀಟರಿಗೊಂದರಂತೆ ನಿಂತ 24 ಬಾಗಿದ ಚೌಕಟ್ಟುಗಳು. ಅವುಗಳ ಮೇಲೆ ಈ ತುದಿಯಿಂದ ಆ ತುದಿಗೆ ಬಿಗಿದ 1100 ಸ್ಟೇನ್‌ಲೆಸ್ ಸ್ಟೀಲ್ ತಂತಿಗಳು. ಒಂದೊಂದು ತಂತಿಯ ದಪ್ಪ 0.38 ಮಿಲಿಮೀಟರು, ಅಕ್ಕಪಕ್ಕದ ತಂತಿಗಳ ನಡುವೆ ಮೂರು ಸೆಂಟಿಮೀಟರಿಗೂ ಕಡಿಮೆ ಸಂದು. ಕೆಳಗೆ ನಿಂತು ನೋಡಿದವರಿಗೆ ಆಕಾಶವೇ ಕಾಣುತ್ತದೆ, ಕನ್ನಡಿ ಎಲ್ಲಿದೆ ಎಂದು ಹುಡುಕಬೇಕು. ಆದರೆ ಈ ಯಂತ್ರ ಹಿಡಿಯುವುದು 326.5 ಮೆಗಾಹರ್ಟ್ಸ್ ಅಲೆಯನ್ನು. ಅದರ ಅಲೆಯುದ್ದ 92 ಸೆಂಟಿಮೀಟರು. ಅಷ್ಟು ಉದ್ದದ ಅಲೆಗೆ ಮೂರು ಸೆಂಟಿಮೀಟರಿನ ಸಂದು ಸಂದೇ ಅಲ್ಲ. ತಂತಿಗಳ ಸಾಲು ಅದರ ಪಾಲಿಗೆ ಗಟ್ಟಿ ತಗಡು. ಪ್ರತಿಫಲಿಸಿ ಬಂದ ಅಲೆಯನ್ನು ನಾಭಿಯ ಗೆರೆಯಲ್ಲಿರುವ 1056 ಡೈಪೋಲ್ ಆಂಟೆನಾಗಳು ಹಿಡಿದುಕೊಳ್ಳುತ್ತವೆ.

ಜಾಗ ಆರಿಸಿದ್ದರಲ್ಲಿ ಇದನ್ನು ರೂಪಿಸಿದ ಗೋವಿಂದ ಸ್ವರೂಪ್ ಅವರ ಜಾಣ್ಮೆ ಕಾಣುತ್ತದೆ. ಊಟಿ ಇರುವುದು ಸುಮಾರು 11.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಉತ್ತರ-ದಕ್ಷಿಣವಾಗಿ ಅಷ್ಟೇ ಡಿಗ್ರಿ ಇಳಿಜಾರಿರುವ ಗುಡ್ಡವೊಂದು ಸಿಕ್ಕರೆ, ಅದರ ಮೇಲೆ ಮಲಗಿಸಿದ ದೂರದರ್ಶಕದ ಅಕ್ಷ ತಾನಾಗಿ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗುತ್ತದೆ. ಆಮೇಲೆ ಭೂಮಿ ತಿರುಗುವ ವೇಗದಲ್ಲೇ ಅದನ್ನು ಪಶ್ಚಿಮಕ್ಕೆ ಹೊರಳಿಸುತ್ತ ಹೋದರಾಯಿತು, ಆಕಾಶದ ಒಂದೇ ಬಿಂದುವನ್ನು ಒಂಬತ್ತೂವರೆ ಗಂಟೆ ಬಿಡದೆ ಹಿಡಿದಿಡಬಹುದು. ಯುರೋಪು, ಅಮೆರಿಕದಲ್ಲಿ ಇದೇ ಉಪಾಯಕ್ಕೆ 40-50 ಡಿಗ್ರಿಯ ಕಡಿದಾದ ಬೆಟ್ಟ ಬೇಕು. ಅಂಥ ಜಾಗದಲ್ಲಿ ಅರ್ಧ ಕಿಲೋಮೀಟರಿನ ಉಕ್ಕು ನಿಲ್ಲಿಸುವುದು ಹುಡುಗಾಟವಲ್ಲ. ಸಮಭಾಜಕಕ್ಕೆ ಹತ್ತಿರವಿರುವ ನಾಡಿನ ಅನುಕೂಲವನ್ನು ಸ್ವರೂಪ್ ಬಳಸಿಕೊಂಡರು. ಕೆಲಸ ಬಹುಮಟ್ಟಿಗೆ ಇಲ್ಲಿಯ ಕೈಗಳಿಂದ, ಇಲ್ಲಿಯ ಸಾಮಗ್ರಿಯಿಂದಲೇ ಆಯಿತು. ಆಗ ಅವರಿಗೆ ಇನ್ನೂ ನಲವತ್ತು ಮುಟ್ಟಿದ ವಯಸ್ಸು. 2020ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಪುಣೆ ಬಳಿಯ ನಾರಾಯಣಗಾಂವ್ ಹತ್ತಿರದ ಇನ್ನೂ ದೊಡ್ಡ ದೂರದರ್ಶಕವೂ ಅವರ ಹೆಸರಿಗೆ ಸೇರಿತ್ತು.

ಊಟಿಯ ಯಂತ್ರ ಕಟ್ಟಿದ್ದೂ ಅಡ್ಡಿಯೊಂದನ್ನು ಬಳಸಿಕೊಳ್ಳಲಿಕ್ಕೇ. ದೂರದ ರೇಡಿಯೊ ಗ್ಯಾಲಕ್ಸಿಗಳ ಮುಂದೆ ಚಂದ್ರ ಹಾದುಹೋಗುತ್ತಾನೆ. ಅವನ ಅಂಚು ಅಡ್ಡ ಬಂದಾಗ ಅವುಗಳ ಸದ್ದು ಹೇಗೆ ಕುಗ್ಗಿತು, ಅಂಚು ದಾಟಿದಾಗ ಹೇಗೆ ಮರಳಿತು ಎಂದು ನೋಡಿದರೆ ಅವುಗಳ ಗಾತ್ರ, ಆಕಾರ ತಿಳಿಯುತ್ತದೆ. ಹೀಗೆ ಅಳೆದ ಗ್ಯಾಲಕ್ಸಿಗಳ ಗಾತ್ರದ ಪಟ್ಟಿಯಿಂದ, ವಿಶ್ವ ಕಾಲಕ್ರಮದಲ್ಲಿ ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ 1975ರಲ್ಲಿ ಸ್ವರೂಪ್ ಮತ್ತು ಅವರ ವಿದ್ಯಾರ್ಥಿ ವಿಜಯ್ ಕಪಾಹಿ ಬಲ ಕೊಟ್ಟರು. ಆದರೆ ಚಂದ್ರ ಎಲ್ಲರ ಮುಂದೆಯೂ ಬರುವುದಿಲ್ಲ. ಸೂರ್ಯನ ಗಾಳಿ ಬರುತ್ತದೆ.

ಆ ಗಾಳಿಯನ್ನು ನೆಲದ ಮೇಲಿಂದ ಅಳೆಯಬಹುದೆಂದು ತೋರಿಸಿದ್ದು ಇಂಗ್ಲೆಂಡಿನ ಕೇಂಬ್ರಿಜ್. ನಕ್ಷತ್ರ ಮಿನುಗುತ್ತದೆ, ಗ್ರಹ ಮಿನುಗುವುದಿಲ್ಲ ಎಂದು ಹಳ್ಳಿಯ ಮಕ್ಕಳಿಗೂ ಗೊತ್ತು. ನಕ್ಷತ್ರ ನಮಗೆ ಬರೀ ಚುಕ್ಕೆ. ವಾತಾವರಣದ ಗಾಳಿ ಕದಡಿದಂತೆಲ್ಲ ಆ ಚುಕ್ಕೆಯ ಬೆಳಕು ಕೂಡಿ ಚದುರಿ ನಡುಗುತ್ತದೆ. ಗ್ರಹಕ್ಕೆ ಪುಟ್ಟದಾದರೂ ಒಂದು ತಟ್ಟೆಯಷ್ಟು ಅಗಲವಿರುವುದರಿಂದ ಅದರ ಬೇರೆ ಬೇರೆ ಭಾಗಗಳ ನಡುಕ ಒಂದಕ್ಕೊಂದು ತೀರಿಹೋಗುತ್ತದೆ. ರೇಡಿಯೊ ಆಕಾಶದಲ್ಲೂ ಹೀಗೆಯೇ. ಆದರೆ ಅಲ್ಲಿ ನಡುಕ ಹುಟ್ಟಿಸುವುದು ಸೌರಮಾರುತದ ಪ್ಲಾಸ್ಮಾ. ಅಗಲವಾದ ರೇಡಿಯೊ ಗ್ಯಾಲಕ್ಸಿ ಅಲುಗುವುದಿಲ್ಲ; ಬಹುದೂರದಲ್ಲಿದ್ದು ತೀರ ಚಿಕ್ಕದಾಗಿ ಕಾಣುವ ಕ್ವೇಸಾರ್ ಎಂಬ ರೇಡಿಯೊ ಆಕರ ಮಿನುಗುತ್ತದೆ. 1964ರಲ್ಲಿ ಆಂಟನಿ ಹ್ಯೂಯಿಶ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು.

ಮಿನುಗುವುದನ್ನೇ ಹುಡುಕಲೆಂದು ಹ್ಯೂಯಿಶ್ ನಾಲ್ಕೂವರೆ ಎಕರೆ ಹೊಲದಲ್ಲಿ ಆಂಟೆನಾ ನೆಡಿಸಿದರು. ವೇಗವಾಗಿ ಬದಲಾಗುವ ಸದ್ದನ್ನು ಹಿಡಿಯುವಂತೆ ಮಾಡಿದ್ದ ಆ ಯಂತ್ರದ ಕಾಗದದ ಸುರುಳಿಗಳಲ್ಲಿ 1967ರಲ್ಲಿ ವಿದ್ಯಾರ್ಥಿನಿ ಜಾಸ್ಲಿನ್ ಬೆಲ್ ಕಣ್ಣಿಗೆ ಬಿದ್ದದ್ದು 1.337 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ಪಲ್ಸಾರ್ ಎಂಬ ನಕ್ಷತ್ರ. ಮಿನುಗುವ ಕ್ವೇಸಾರುಗಳನ್ನು ಹುಡುಕಲು ಹೋಗಿ ನಕ್ಷತ್ರಗಳ ನಡುವಿನ ಪ್ಲಾಸ್ಮಾವನ್ನು ತೂಗುವ ತಕ್ಕಡಿಯೇ ಸಿಕ್ಕಿತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಊಟಿಯಲ್ಲಿ ಒಂದು ಅಳತೆ ಹೇಗೆ ನಡೆಯುತ್ತದೆಂದು ಹತ್ತಿರದಿಂದ ನೋಡೋಣ. 3ಸಿ 48 ಎಂಬ ಕ್ವೇಸಾರ್ ಇದೆ. ಅಲ್ಲಿಂದ ಹೊರಟ ಅಲೆ ಇಲ್ಲಿಗೆ ಬರಲು ಸುಮಾರು 400 ಕೋಟಿ ವರ್ಷ ಹಿಡಿದಿದೆ. ದೂರದರ್ಶಕವನ್ನು ಅದರ ಕಡೆ ತಿರುಗಿಸಿದರೆ ಪರದೆಯ ಮೇಲಿನ ಗೆರೆ ಮೇಲೆದ್ದು, ಸೆಕೆಂಡಿಗೊಂದೆರಡು ಸಲದಂತೆ ಏರಿಳಿಯತೊಡಗುತ್ತದೆ. ಯಂತ್ರವನ್ನು ತುಸು ಪಕ್ಕಕ್ಕೆ, ಖಾಲಿ ಆಕಾಶದತ್ತ ಸರಿಸಿದರೆ ಗೆರೆ ಕೆಳಗಿಳಿದು ಏರಿಳಿತ ಅಡಗುತ್ತದೆ. ಯಂತ್ರದ ಸ್ವಂತ ಗೊರಗೊರ ಮಾತ್ರ ಉಳಿಯುತ್ತದೆ. ಅಂದರೆ ನಡುಕ ಯಂತ್ರದ್ದಲ್ಲ, ದಾರಿಯದು. ನೂರಾರು ಕಿಲೋಮೀಟರು ಗಾತ್ರದ ಪ್ಲಾಸ್ಮಾ ಮುದ್ದೆಗಳು ಸೌರಮಾರುತದ ಜೊತೆ ಓಡುತ್ತ ಆ ಕ್ವೇಸಾರಿನ ಮುಂದೆ ಹಾಯುತ್ತಿವೆ. ಅವು ಸೆಕೆಂಡಿಗೆ 400 ಕಿ.ಮೀ. ಓಡಿದರೆ ಏರಿಳಿತ ಒಂದು ಬಗೆ, 800 ಓಡಿದರೆ ಅದರ ಇಮ್ಮಡಿ ಚುರುಕು. ಚುರುಕಿನ ಏರಿಳಿತ ಎಷ್ಟು, ನಿಧಾನದ್ದು ಎಷ್ಟು ಎಂದು ವಿಂಗಡಿಸಿ ನಕ್ಷೆ ಹಾಕಿದರೆ ಅದರ ಬಾಗಿನಿಂದ ಗಾಳಿಯ ವೇಗ ಸಿಗುತ್ತದೆ. ಒಟ್ಟು ಎಷ್ಟು ನಡುಗಿತು ಎಂಬುದು ಪ್ಲಾಸ್ಮಾ ಎಷ್ಟು ದಟ್ಟ, ಎಷ್ಟು ಕಲಕಿದೆ ಎಂದು ಹೇಳುತ್ತದೆ.

ಈ ಅಳತೆ ಸೂರ್ಯನಿಂದ ಎಷ್ಟು ದೂರದ ಗಾಳಿಯದು? ಅದಕ್ಕೂ ಸರಳ ಲೆಕ್ಕವಿದೆ. ನಮ್ಮ ನೋಟದ ಗೆರೆ ಸೂರ್ಯನಿಗೆ ಅತಿ ಹತ್ತಿರ ಹೋಗುವ ಜಾಗದಲ್ಲೇ ಪ್ಲಾಸ್ಮಾ ದಟ್ಟವಾಗಿರುವುದರಿಂದ ನಡುಕದ ಬಹುಪಾಲು ಅಲ್ಲಿಯದೇ. ಆಕಾಶದಲ್ಲಿ ಸೂರ್ಯನಿಂದ 30 ಡಿಗ್ರಿ ಆಚೆ ಇರುವ ಕ್ವೇಸಾರನ್ನು ನೋಡಿದರೆ ಆ ಜಾಗ ಸೂರ್ಯ-ಭೂಮಿ ದೂರದ ಸರಿಯಾಗಿ ಅರ್ಧ, ಅಂದರೆ ಸೂರ್ಯನಿಂದ ಏಳೂವರೆ ಕೋಟಿ ಕಿ.ಮೀ. ದಿನಕ್ಕೆ ಹೀಗೆ ನೂರಾರು ಕ್ವೇಸಾರುಗಳನ್ನು ನೋಡಿದರೆ ಭೂಮಿಗೂ ಸೂರ್ಯನಿಗೂ ನಡುವಿನ ಗಾಳಿಯ ನಕ್ಷೆಯೇ ಮೂಡುತ್ತದೆ. ಎಸ್. ಅನಂತಕೃಷ್ಣನ್, ವಿ. ಬಾಲಸುಬ್ರಮಣಿಯನ್, ಪಿ.ಕೆ. ಮನೋಹರನ್ ಮೊದಲಾದವರು ಊಟಿಯಲ್ಲಿ ಬೆಳೆಸಿದ ವಿದ್ಯೆ ಇದು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹೆಚ್ಚುಕಡಿಮೆ ಇದೇ ಕಂಪನಾಂಕದಲ್ಲಿ ಬೇರೆ ದಾರಿ ಹಿಡಿದರು: ದೂರ ದೂರ ನಿಲ್ಲಿಸಿದ ಹಲವು ಆಂಟೆನಾಗಳನ್ನು ಒಂದೇ ನಡುಕ ಎಷ್ಟು ಹೊತ್ತಿನಲ್ಲಿ ದಾಟಿತು ಎಂದು ನೋಡಿ ವೇಗ ಕಟ್ಟುವುದು.

ಎರಡು ಘಟನೆ ಹೇಳಿದರೆ ಇದರ ಬೆಲೆ ಗೊತ್ತಾದೀತು. 2000ದ ಜುಲೈ 14ರಂದು ಸೂರ್ಯನಲ್ಲಿ ದೊಡ್ಡ ಸ್ಫೋಟವಾಗಿ ಪ್ಲಾಸ್ಮಾದ ಭಾರಿ ಮೋಡವೊಂದು ನಮ್ಮ ಕಡೆಗೇ ಹೊರಟಿತು. ಮಾಮೂಲಿ ಸೌರಮಾರುತಕ್ಕೆ ನಾಲ್ಕು ದಿನ ಹಿಡಿಯುವ ದಾರಿಯನ್ನು ಅದು ಸುಮಾರು 28 ಗಂಟೆಯಲ್ಲಿ ಮುಗಿಸಿತು. ನೌಕೆಗಳ ಕ್ಯಾಮೆರಾಗಳು ಅದನ್ನು ಸೂರ್ಯನ ಹತ್ತಿರ ಹೊರಡುವಾಗ ಕಂಡವು, ಭೂಮಿಯ ಬಳಿಯ ಉಪಕರಣಗಳು ಬಂದು ಬಡಿದಾಗ ಕಂಡವು. ನಡುದಾರಿಯಲ್ಲಿ ಅದು ಎಲ್ಲಿತ್ತು, ಎಷ್ಟು ವೇಗ ಕಳೆದುಕೊಂಡಿತ್ತು ಎಂಬುದಕ್ಕೆ ಊಟಿಯ ಮಿನುಗುವ ಕ್ವೇಸಾರುಗಳು ಸಾಕ್ಷಿ ಹೇಳಿದವು. ಇದಕ್ಕೆ ತೀರ ಉಲ್ಟಾ ಆದದ್ದು 1999ರ ಮೇ 11ರಂದು. ಅವತ್ತು ಭೂಮಿಯ ಬಳಿ ಸೌರಮಾರುತ ಹೆಚ್ಚುಕಡಿಮೆ ನಿಂತೇ ಹೋದಂತಾಯಿತು. ಘನ ಸೆಂಟಿಮೀಟರಿಗೆ ಐದಾರು ಇರಬೇಕಾದ ಕಣಗಳು ಒಂದಕ್ಕೂ ಕೆಳಗಿಳಿದವು. ಒತ್ತಡ ತಪ್ಪಿದ ಭೂಮಿಯ ಕಾಂತಕವಚ ಎಂದಿಗಿಂತ ಹಲವು ಪಟ್ಟು ಉಬ್ಬಿತು. ಆ ದಿನಗಳಲ್ಲೂ ಊಟಿಯ ದೂರದರ್ಶಕ ನೋಡುತ್ತಿತ್ತು. ಆ ದಾಖಲೆಯ ಮೇಲೆ 2003ರಲ್ಲಿ ಪ್ರಬಂಧ ಬಂತು.

ಅದೇ ಊಟಿಯಲ್ಲಿ ಟಾಟಾ ಸಂಸ್ಥೆಯದೇ ಇನ್ನೊಂದು ಪ್ರಯೋಗ, ಗ್ರೇಪ್ಸ್-3. ಅದಕ್ಕೆ ಬೇಕಾದದ್ದು ರೇಡಿಯೊ ಅಲೆಯಲ್ಲ, ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮ್ಯುಆನ್ ಕಣ. ಅದರ ಮ್ಯುಆನ್ ದೂರದರ್ಶಕದ ವಿಸ್ತೀರ್ಣ 560 ಚದರ ಮೀಟರು. 2015ರ ಜೂನ್ 22ರಂದು ಸೂರ್ಯನಿಂದ ಬಂದ ಪ್ಲಾಸ್ಮಾ ಮೋಡವೊಂದು ಭೂಮಿಯ ಕಾಂತಕವಚವನ್ನು ಒತ್ತಿದಾಗ ಸುಮಾರು ಎರಡು ಗಂಟೆ ಕಾಲ ಈ ಕಣಗಳ ಎಣಿಕೆ ಏರಿತು. ಕವಚ ಸ್ವಲ್ಪ ಹೊತ್ತು ದುರ್ಬಲವಾಗಿ, ಸಾಮಾನ್ಯವಾಗಿ ಒಳಗೆ ಬಾರದ ವಿಶ್ವಕಿರಣಗಳು ನುಸುಳಿದವೆಂದು 2016ರಲ್ಲಿ ಪ್ರಕಟವಾದ ಪ್ರಬಂಧ ವಿವರಿಸಿತು.

ಈಗ ಸೌರಮಂಡಲದ ಆಚೆಗೆ. ಪಲ್ಸಾರ್ ಒಂದು ಸಲ ಮಿಡಿದಾಗ ಎಲ್ಲ ಕಂಪನಾಂಕದ ಅಲೆಗಳೂ ಒಟ್ಟಿಗೇ ಹೊರಡುತ್ತವೆ. ದಾರಿಯಲ್ಲಿ ಎಲೆಕ್ಟ್ರಾನುಗಳಿರುವುದರಿಂದ ತಗ್ಗು ಕಂಪನಾಂಕದವು ಹಿಂದೆ ಬೀಳುತ್ತವೆ. ಎಷ್ಟು ಹಿಂದೆ ಬಿದ್ದವೆಂದು ನೋಡಿದರೆ ದಾರಿಯಲ್ಲಿ ಎಷ್ಟು ಎಲೆಕ್ಟ್ರಾನು ಎದುರಾದವೆಂದು ಲೆಕ್ಕ ಸಿಗುತ್ತದೆ. ಏಡಿ ನೀಹಾರಿಕೆಯೊಳಗಿನ ಪಲ್ಸಾರನ್ನು ತೆಗೆದುಕೊಳ್ಳಿ. ಅದರ ಅಲೆ ಸುಮಾರು 6,500 ವರ್ಷ ನಡೆದು ನಮ್ಮಲ್ಲಿಗೆ ಬರುತ್ತದೆ. ಅಷ್ಟು ದೀರ್ಘ ಪಯಣದಲ್ಲಿ, ಊಟಿಯ ಕಂಪನಾಂಕದಲ್ಲಿ ಆಗುವ ವಿಳಂಬ ಎರಡು ಸೆಕೆಂಡಿಗಿಂತ ತುಸು ಹೆಚ್ಚು, ಅಷ್ಟೇ. ಅದರಿಂದ ಹೊರಡುವ ಸರಾಸರಿ: ಘನ ಸೆಂಟಿಮೀಟರಿಗೆ 0.03 ಎಲೆಕ್ಟ್ರಾನು, ಅಂದರೆ ಒಂದು ಲೀಟರಿಗೆ ಮೂವತ್ತು. ಈ 6,500 ಬೆಳಕಿನ ವರ್ಷದ ದಾರಿಯಲ್ಲಿ ಸಿಕ್ಕ ಎಲೆಕ್ಟ್ರಾನುಗಳನ್ನೆಲ್ಲ ನಮ್ಮ ಸುತ್ತಲಿನ ಗಾಳಿಯಷ್ಟು ದಟ್ಟವಾಗಿ ಒತ್ತಿಟ್ಟರೆ ಆಗುವ ಪದರದ ದಪ್ಪ ಸುಮಾರು ಏಳು ಸೆಂಟಿಮೀಟರು. ಅಷ್ಟನ್ನು ಯಂತ್ರ ಗುರುತಿಸುತ್ತದೆ.

ಊಟಿಯ ದೂರದರ್ಶಕ ಈ ಅಂತರತಾರಾ ಪ್ಲಾಸ್ಮಾವನ್ನು ಇನ್ನೊಂದು ದಾರಿಯಲ್ಲೂ ನೋಡಿದೆ. ಅದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಕೆ.ಆರ್. ಅನಂತರಾಮಯ್ಯನವರ ಕೆಲಸ. ಪ್ಲಾಸ್ಮಾದಲ್ಲಿ ಬಿಡಿಯಾಗಿ ಅಲೆಯುವ ಎಲೆಕ್ಟ್ರಾನು ಆಗಾಗ ಒಂದು ಪ್ರೋಟಾನಿನ ಸೆಳೆತಕ್ಕೆ ಸಿಕ್ಕಿ ಮತ್ತೆ ಜಲಜನಕವಾಗುತ್ತದೆ. ಹಾಗೆ ಸಿಕ್ಕಿಬಿದ್ದದ್ದು ಒಮ್ಮೆಗೇ ಕೆಳಗಿನ ಕಕ್ಷೆಗೆ ಬೀಳದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದುಂಟು. 273ನೇ ಮೆಟ್ಟಿಲಿನಿಂದ 272ನೆಯದಕ್ಕೆ ಇಳಿಯುವಾಗ ಹೊಮ್ಮುವ ಅಲೆಯ ಕಂಪನಾಂಕ ಸುಮಾರು 325 ಮೆಗಾಹರ್ಟ್ಸ್. ಊಟಿಯ ಯಂತ್ರದ ಕಿವಿಗೆ ಸರಿಯಾಗಿ ಬೀಳುವಂಥದ್ದು. 272ನೇ ಮೆಟ್ಟಿಲಿನಲ್ಲಿರುವ ಜಲಜನಕದ ಒಂದು ಪರಮಾಣು ನಮ್ಮ ರಕ್ತದ ಕೆಂಪು ಕಣದಷ್ಟು ದೊಡ್ಡದು, ಮಿಲಿಮೀಟರಿನ ಸಾವಿರದಲ್ಲಿ ಎಂಟು ಪಾಲು. ಇಷ್ಟು ಉಬ್ಬಿದ ಪರಮಾಣು ಭೂಮಿಯ ಗಾಳಿಯಲ್ಲಿ ಕ್ಷಣವೂ ಬಾಳದು, ಪಕ್ಕದ್ದು ಬಡಿದು ಒಡೆದುಹೋಗುತ್ತದೆ. ನಕ್ಷತ್ರಗಳ ನಡುವೆ ಪಕ್ಕದ್ದು ಎಂಬುದೇ ಇಲ್ಲವಾದ್ದರಿಂದ ಬಾಳುತ್ತದೆ. ಆಕಾಶಗಂಗೆಯ ಪಟ್ಟಿಯುದ್ದಕ್ಕೂ ಈ ಅಲೆಯನ್ನು ಹುಡುಕಿ, ನಮ್ಮ ಗ್ಯಾಲಕ್ಸಿಯ ಒಳಭಾಗದಲ್ಲಿ ಘನ ಸೆಂಟಿಮೀಟರಿಗೆ ಒಂದರಿಂದ ಹತ್ತು ಎಲೆಕ್ಟ್ರಾನಿರುವ, ಕೆಲವು ಸಾವಿರ ಡಿಗ್ರಿ ಬಿಸಿಯ ಪ್ಲಾಸ್ಮಾ ಹರಡಿದೆಯೆಂದು ಅನಂತರಾಮಯ್ಯ 1985ರಲ್ಲಿ ಪ್ರಕಟಿಸಿದರು. ದೊಡ್ಡ ನಕ್ಷತ್ರಗಳ ಸುತ್ತಲಿನ ಬಿಸಿ ಮೋಡಗಳ ತೆಳು ಹೊರಕವಚಗಳೇ ಈ ಪ್ಲಾಸ್ಮಾ ಎಂಬುದು ಅವರ ವಿವರಣೆ. 2001ರಲ್ಲಿ ಅವರು ಅಕಾಲದಲ್ಲಿ ತೀರಿಕೊಂಡರು.

ದೂರದಿಂದ ಕಟ್ಟಿದ ಇಂಥ ಲೆಕ್ಕಗಳು ಸರಿಯೇ ಎಂದು ಅಲ್ಲಿಗೇ ಹೋಗಿ ನೋಡಿದ್ದು ವಾಯೇಜರ್-1. 1977ರಲ್ಲಿ ಹೊರಟ ಆ ನೌಕೆ 2012ರ ಆಗಸ್ಟ್ 25ರಂದು ಸೌರಮಾರುತದ ಗಡಿ ದಾಟಿತು. ಆಗ ಅದು ಸೂರ್ಯನಿಂದ ಭೂಮಿಗಿಂತ 120 ಪಟ್ಟಿಗೂ ಹೆಚ್ಚು ದೂರದಲ್ಲಿತ್ತು. ಆದರೆ ದಾಟಿದ್ದು ಒಂದು ವರ್ಷ ಖಚಿತವಾಗಲೇ ಇಲ್ಲ, ಏಕೆಂದರೆ ಪ್ಲಾಸ್ಮಾ ಅಳೆಯುವ ಅದರ ಉಪಕರಣ 1980ರಲ್ಲೇ ಕೆಟ್ಟಿತ್ತು. ಸೂರ್ಯನೇ ನೆರವಿಗೆ ಬಂದ. 2012ರ ಮಾರ್ಚಿನಲ್ಲಿ ಸಿಡಿದ ಸೌರಸ್ಫೋಟದ ಅಲೆ ವರ್ಷಕ್ಕೂ ಹೆಚ್ಚು ಕಾಲ ಓಡಿ, 2013ರ ಏಪ್ರಿಲ್-ಮೇ ಹೊತ್ತಿಗೆ ನೌಕೆಯ ಸುತ್ತಲಿನ ಪ್ಲಾಸ್ಮಾವನ್ನು ಕಂಪಿಸುವಂತೆ ಮಾಡಿತು. ಎಲೆಕ್ಟ್ರಾನುಗಳು ಎಷ್ಟು ದಟ್ಟವಾಗಿವೆಯೋ ಅದಕ್ಕೆ ತಕ್ಕ ಶ್ರುತಿಯಲ್ಲಿ ಪ್ಲಾಸ್ಮಾ ಮಿಡಿಯುತ್ತದೆ. ಕೇಳಿದ ಶ್ರುತಿ ಸುಮಾರು 2.6 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನು. ಸೌರಮಾರುತದ ಹೊರ ಅಂಚಿನಲ್ಲಿ ಇರಬೇಕಾದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ನಕ್ಷತ್ರಗಳ ನಡುವಿನ ಪ್ಲಾಸ್ಮಾದ ಬಗ್ಗೆ ದೂರದಿಂದ ಕಟ್ಟಿದ್ದ ಅಂದಾಜಿಗೆ ಹೊಂದುವಂಥದ್ದು. ಗಡಿ ದಾಟಿದ್ದಕ್ಕೆ ಅದೇ ರುಜುವಾತು. 2018ರ ನವೆಂಬರ್ 5ರಂದು ವಾಯೇಜರ್-2 ದಾಟಿದಾಗ ಅದರ ಉಪಕರಣ ಸರಿಯಾಗಿತ್ತು, ಅಂಥ ಪೇಚಾಟವಾಗಲಿಲ್ಲ.

ಇದೆಲ್ಲ ನಮ್ಮ ನಿತ್ಯದ ಬದುಕಿಗೆ ಎಲ್ಲಿ ತಾಗುತ್ತದೆ ಎಂದರೆ ಜೇಬಿನಲ್ಲಿರುವ ಮೊಬೈಲಿನಲ್ಲಿ. ನೆಲದಿಂದ ನೂರಾರು ಕಿಲೋಮೀಟರು ಮೇಲೆ ಸೂರ್ಯನ ಕಿರಣಗಳಿಂದ ಹುಟ್ಟಿದ ನಮ್ಮದೇ ಪ್ಲಾಸ್ಮಾ ಪದರವಿದೆ, ಅಯಾನುಗೋಳ. ಜಿಪಿಎಸ್ ಸಂಕೇತ ಅದನ್ನು ತೂರಿಯೇ ಬರಬೇಕು. ಪಲ್ಸಾರಿನ ಅಲೆಗೆ ಆದ ವಿಳಂಬವೇ ಇದಕ್ಕೂ ಆಗುತ್ತದೆ. ತಿದ್ದದೆ ಬಿಟ್ಟರೆ ಜಾಗದ ಲೆಕ್ಕ ಹತ್ತಾರು ಮೀಟರು ತಪ್ಪಬಹುದು. ಜಿಪಿಎಸ್ ಉಪಗ್ರಹಗಳು 1575.42 ಮತ್ತು 1227.60 ಮೆಗಾಹರ್ಟ್ಸ್ ಎಂದು ಎರಡು ಕಂಪನಾಂಕದಲ್ಲಿ ಮಾತಾಡುವುದು ಇದಕ್ಕಾಗಿಯೇ. ಎರಡರ ವಿಳಂಬದ ಅಂತರ ನೋಡಿ ಪ್ಲಾಸ್ಮಾದ ಪಾಲನ್ನು ಕಳೆದುಹಾಕಬಹುದು. ನಮ್ಮ ನಾವಿಕ್ ವ್ಯವಸ್ಥೆಗೂ ಒಂದಕ್ಕಿಂತ ಹೆಚ್ಚು ಕಂಪನಾಂಕಗಳಿವೆ.

ಕೊಯಮತ್ತೂರು, ತಿರುಪ್ಪೂರು ಸೀಮೆಯ ಆಕಾಶ ಈ ವಿಷಯದಲ್ಲಿ ಸ್ವಲ್ಪ ತಂಟೆಯದು. ಭೂಮಿಯ ಕಾಂತೀಯ ಸಮಭಾಜಕ ಇಲ್ಲಿಂದ ದಕ್ಷಿಣಕ್ಕೆ ಹೆಚ್ಚು ದೂರವಿಲ್ಲ. 1963ರಲ್ಲಿ ತಿರುವನಂತಪುರದ ಬಳಿಯ ತುಂಬಾದಲ್ಲಿ ಮೊದಲ ರಾಕೆಟ್ ಹಾರಿಸಲು ಜಾಗ ಆರಿಸಿದ್ದೇ ಆ ಗೆರೆ ಅಲ್ಲಿ ಹಾಯುತ್ತದೆಂದು. ಈ ಭಾಗದ ಅಯಾನುಗೋಳದಲ್ಲಿ ಹೊತ್ತು ಮುಳುಗಿದ ಮೇಲೆ, ಅದರಲ್ಲೂ ಮಾರ್ಚ್-ಏಪ್ರಿಲ್, ಸೆಪ್ಟೆಂಬರ್-ಅಕ್ಟೋಬರ್ ತಿಂಗಳಲ್ಲಿ, ಎಲೆಕ್ಟ್ರಾನು ವಿರಳವಾದ ಗುಳ್ಳೆಗಳು ಕೆಳಗಿನಿಂದ ಮೇಲಕ್ಕೇಳುತ್ತವೆ. ಆಗ ಉಪಗ್ರಹದ ಸಂಕೇತವೇ ಮಿನುಗತೊಡಗುತ್ತದೆ. ಊಟಿಯ ವಿಜ್ಞಾನಿಗೆ ಬೇಕಾದ ನಡುಕ ವಿಮಾನ ಇಳಿಸುವವರಿಗೆ ಬೇಡವಾದ ನಡುಕ.

ಸೌರಬಿರುಗಾಳಿ ಎದ್ದಾಗ ಇದೆಲ್ಲ ಇನ್ನಷ್ಟು ಕದಡುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಒಂದೂವರೆ ನಿಮಿಷದಲ್ಲಿ ಕುಸಿದು, 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತರು. 2024ರ ಮೇ 10-11ರ ಬಿರುಗಾಳಿ ಎರಡು ದಶಕಗಳಲ್ಲೇ ದೊಡ್ಡದು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಗಾದದ್ದನ್ನು ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಹಿಡಿದವು. ಬಿತ್ತನೆಯ ಹಂಗಾಮಿನಲ್ಲಿದ್ದ ಅಮೆರಿಕದ ರೈತರ ಜಿಪಿಎಸ್ ಟ್ರ್ಯಾಕ್ಟರುಗಳು ಸಾಲು ತಪ್ಪಿ ಕೆಲಸ ನಿಲ್ಲಿಸಬೇಕಾಯಿತು.

ಆ ಬಿರುಗಾಳಿಯ ಕಣಗಳನ್ನು ಬಾಹ್ಯಾಕಾಶದಲ್ಲೇ ಎಣಿಸಿದವರಲ್ಲಿ ನಮ್ಮ ಆದಿತ್ಯ-ಎಲ್1 ಕೂಡ ಒಂದು. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿದ ಈ ನೌಕೆಯಲ್ಲಿ ಏಳು ಉಪಕರಣಗಳಿವೆ. ಸೌರಮಾರುತದ ಕಣ ಹಿಡಿಯುವ ಎರಡು ಅಹಮದಾಬಾದು, ತಿರುವನಂತಪುರದಲ್ಲಿ ತಯಾರಾದವು. ಸೂರ್ಯನ ಹೊರವಾತಾವರಣವಾದ ಕರೋನಾವನ್ನು ನೋಡುವ ಉಪಕರಣ ಹೊಸಕೋಟೆಯಲ್ಲಿ, ಕಾಂತಮಾಪಕ ಬೆಂಗಳೂರಿನಲ್ಲಿ. ಇಷ್ಟೆಲ್ಲ ಇರುವಾಗ ಊಟಿಯ ಹಳೇ ತಂತಿಗಳ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು.

ಲೆಕ್ಕವೇ ಉತ್ತರ ಹೇಳುತ್ತದೆ. ಆದಿತ್ಯ ಇರುವ ಜಾಗದಿಂದ ಭೂಮಿಗೆ ಸೆಕೆಂಡಿಗೆ 400 ಕಿ.ಮೀ. ಓಡುವ ಗಾಳಿ ಒಂದು ಗಂಟೆಯಲ್ಲಿ ತಲಪುತ್ತದೆ. ಸಾವಿರ ಕಿ.ಮೀ. ವೇಗದ ಬಿರುಗಾಳಿಯಾದರೆ 25 ನಿಮಿಷ. ನೌಕೆಯನ್ನು ಮುಟ್ಟಿದ ಮೇಲೆಯೇ ಕಣ ಎಣಿಸಲು ಸಾಧ್ಯವಾದ್ದರಿಂದ ಅದಕ್ಕಿಂತ ಮೊದಲು ಎಚ್ಚರಿಸುವುದು ಆ ಎಣಿಕೆಯಿಂದ ಆಗದ ಮಾತು. ನೌಕೆಯ ಕ್ಯಾಮೆರಾ ಮೋಡ ಹೊರಟದ್ದನ್ನು ಸೂರ್ಯನ ಬಳಿ ಕಾಣುತ್ತದೆ ನಿಜ, ಆದರೆ ಹೊರಟಾಗ ಇದ್ದ ವೇಗ ದಾರಿಯಲ್ಲಿ ಉಳಿಯುವುದಿಲ್ಲ. ಮಿನುಗುವ ಕ್ವೇಸಾರುಗಳು ಅದೇ ಮೋಡವನ್ನು ನಡುದಾರಿಯಲ್ಲಿ, ಭೂಮಿ ಮುಟ್ಟಲು ಇನ್ನೂ ಹಲವು ಗಂಟೆಗಳೋ ಒಂದೆರಡು ದಿನಗಳೋ ಇರುವಾಗ ತೋರಿಸಬಲ್ಲವು. ನೌಕೆ ಒಂದು ಬಿಂದುವಿನಲ್ಲಿ ನಿಖರವಾಗಿ ಅಳೆಯುತ್ತದೆ. ಬೆಟ್ಟದ ಮೇಲಿನ ಯಂತ್ರ ಇಡೀ ಹಾದಿಯನ್ನು ಒರಟಾಗಿ ಅಳೆಯುತ್ತದೆ. ಮುನ್ಸೂಚನೆ ಕೊಡುವವರಿಗೆ ಎರಡೂ ಬೇಕು. ಊಟಿಯ 1056 ಡೈಪೋಲುಗಳನ್ನು ನಾಲ್ಕು ನಾಲ್ಕಾಗಿ 264 ಗುಂಪು ಮಾಡಿ ಒಂದೇ ಸಲಕ್ಕೆ ಆಕಾಶದ ದೊಡ್ಡ ಪಾಲನ್ನು ನೋಡುವ ಹೊಸ ವ್ಯವಸ್ಥೆಯನ್ನು ಟಾಟಾ ಸಂಸ್ಥೆಯ ರಾಷ್ಟ್ರೀಯ ರೇಡಿಯೊ ಖಭೌತ ಕೇಂದ್ರ ಮತ್ತು ಬೆಂಗಳೂರಿನ ರಾಮನ್ ಸಂಸ್ಥೆಯವರು ಕೂಡಿ ರೂಪಿಸಿದ್ದು ಈ ಅಗತ್ಯಕ್ಕೂ ಒದಗುವಂಥದ್ದು.

ಕಾಲದ ಮಾತೂ ಇದೆ. ಆದಿತ್ಯವನ್ನು ರೂಪಿಸಿದ್ದು ಐದು ವರ್ಷದ ಕೆಲಸಕ್ಕೆ. ಸೂರ್ಯನ ಕಲೆಗಳ ಒಂದು ಏರಿಳಿತಕ್ಕೇ 11 ವರ್ಷ ಬೇಕು, ಅವನ ಕಾಂತಧ್ರುವಗಳು ಮೊದಲಿದ್ದಲ್ಲಿಗೆ ಮರಳಲು 22 ವರ್ಷ. ಒಂದು ಚಕ್ರದ ಗಾಳಿಯನ್ನು ಇನ್ನೊಂದರದಕ್ಕೆ ಹೋಲಿಸಬೇಕಾದರೆ ಒಂದೇ ಯಂತ್ರ ಒಂದೇ ಕಂಪನಾಂಕದಲ್ಲಿ ದಶಕಗಟ್ಟಲೆ ಕೂತು ನೋಡಿರಬೇಕು. ಅಂಥ ದಾಖಲೆ ದುಡ್ಡು ಚೆಲ್ಲಿದರೂ ಇವತ್ತು ನಾಳೆಯಲ್ಲಿ ಕೊಳ್ಳಲು ಸಿಗದು. ಉಡಾವಣೆಯ ದಿನ ದೇಶವೇ ಟಿ.ವಿ. ಮುಂದೆ ಕೂರುತ್ತದೆ, ಅದು ಸರಿಯೇ. ತಂತಿ ಬಿಗಿ ಮಾಡುವ, ಬೇರಿಂಗಿಗೆ ಎಣ್ಣೆ ಬಿಡುವ, ಹಳೇ ರಿಸೀವರ್ ಬದಲಿಸುವ ವರ್ಷವರ್ಷದ ಖರ್ಚಿಗೆ ಅಂಥ ಸಂಭ್ರಮ ಇಲ್ಲ. ಆದರೆ ಸೂರ್ಯನ ಹವಾಮಾನವನ್ನು ಮುಂದಾಗಿ ಹೇಳಬೇಕೆಂಬ ಆಸೆ ನಮಗೆ ನಿಜವಾಗಿ ಇದ್ದರೆ ಆ ಖರ್ಚನ್ನು ಹಳೇ ಸಾಲದ ಬಡ್ಡಿಯೆಂದು ಗೊಣಗದೆ, ಬಜೆಟ್ಟಿನಲ್ಲಿ ನೌಕೆಯ ಪಕ್ಕದ ಸಾಲಿನಲ್ಲೇ ಬರೆಯಬೇಕು.